ಆನ್‌ಲೈನ್ ಶಿಕ್ಷಣ: ಕಿರ್ದಿ ತುಂಬಿದೆ, ಪಾಠ ಎಲ್ಲಿದೆ?

(ಆಳಂದದಲ್ಲಿ ಗಿರಣಿ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ. ಇದೇ ವಿಷಯವಾಗಿ ಅಫಜಲಪುರ ಮತ್ತು ಜೇವರ್ಗಿಯಲ್ಲಿಯೂ ಮಾತನಾಡಲಾಯಿತು. ಅಲ್ಲಿ ಬಂದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಇಲ್ಲಿ ಸೇರಿಸಿದೆ.)



ಆನ್‌ಲೈನ್ ಶಿಕ್ಷಣದ ಭವಿಷ್ಯವೇನು ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ದೊಡ್ಡ ಪದವಿ ಪಡೆದವರನ್ನು ಯಾರನ್ನಾದರೂ ಕರೆಯಬೇಕಾಗಿತ್ತು ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ನಾನು ಮ್ಯಾಟ್ರಿಕ್ ಮುಗಿಸಿದವನು. ಜೇವರ್ಗಿ ತಾಲ್ಲೂಕಿನ ಒಂದು ಸಣ್ಣ ಖಾಸಗಿ ಸಾಲಿಯಲ್ಲಿ ಕೆಲವು ವರ್ಷ ಮಾಸ್ತರನಾಗಿದ್ದು, ಆಮೇಲೆ ಪಕ್ಷದ ಕೆಲಸಕ್ಕೆ ಬಂದವನು. ಆದರೆ ಸಾಲಿ ಮುಚ್ಚಿದ ಆ ಹತ್ತೊಂಬತ್ತು ತಿಂಗಳು ಈ ಆನ್‌ಲೈನ್ ಎಂಬುದರ ಒಳಗೇ ಕುಳಿತು ಕೆಲಸ ಮಾಡಿದ್ದೇನೆ. ಕಂಡದ್ದನ್ನು ಹೇಳುವ ಹಕ್ಕು ನನಗಿದೆ ಎಂದು ನಂಬಿದ್ದೇನೆ.

ಮೊದಲು, ಇದೇನು ಎಂಬುದನ್ನು ತಿಳಿದುಕೊಳ್ಳೋಣ. ಕಾಲೇಜಿಗೆ ಹೋಗುವ ನಿಮ್ಮ ಮಕ್ಕಳು ಎಲ್.ಎಂ.ಎಸ್. ಎಂಬ ಮಾತನ್ನು ಆಡುತ್ತಾರೆ. ಕಲಿಕಾ ನಿರ್ವಹಣಾ ವ್ಯವಸ್ಥೆ ಎಂದು ಸರ್ಕಾರಿ ಕನ್ನಡದಲ್ಲಿ ಅದರ ಹೆಸರು. ಇಲ್ಲಿ ಕುಳಿತಿರುವ ವ್ಯಾಪಾರಿ ಮಿತ್ರರಿಗೆ ಅದನ್ನು ಒಂದೇ ಮಾತಿನಲ್ಲಿ ಹೇಳಬಹುದು: ಅದು ಸಾಲಿಯ ಕಿರ್ದಿ ಪುಸ್ತಕ. ಯಾವ ಪಾಠ ಯಾವ ದಿನ ಕಳಿಸಿದೆ, ಯಾವ ಹುಡುಗ ತೆರೆದು ನೋಡಿದ, ಎಷ್ಟು ನಿಮಿಷ ನೋಡಿದ, ಯಾರು ಲೆಕ್ಕ ಬಿಡಿಸಿ ಕಳಿಸಿದರು, ಯಾರಿಗೆ ಎಷ್ಟು ಅಂಕ ಬಂತು, ಇವೆಲ್ಲವನ್ನೂ ಅದು ಬರೆದಿಟ್ಟುಕೊಳ್ಳುತ್ತದೆ. ಪಾಠದ ಪುಸ್ತಕ, ಚಿತ್ರ, ಪ್ರಶ್ನೆಪತ್ರಿಕೆಗಳನ್ನು ಒಂದು ಕಪಾಟಿನಲ್ಲಿ ಜೋಡಿಸಿಡುತ್ತದೆ. ಕೆಲಸ ಒಳ್ಳೆಯದೇ. ಕಿರ್ದಿಯಿಲ್ಲದೆ ಅಂಗಡಿ ನಡೆಯುವುದಿಲ್ಲ. ಆದರೆ ಕಿರ್ದಿ ಎಷ್ಟು ಅಂದವಾಗಿದ್ದರೂ ಗೋದಾಮಿನಲ್ಲಿ ತೊಗರಿ ಇಲ್ಲದಿದ್ದರೆ ಅದರಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ. ನಮ್ಮ ಮಕ್ಕಳ ಶಿಕ್ಷಣದಲ್ಲಿ ಈಗ ಆಗಿರುವುದು ಇದೇ. ಕಿರ್ದಿ ದಿನದಿನಕ್ಕೆ ದಪ್ಪವಾಗುತ್ತಿದೆ. ಗೋದಾಮು ಬರಿದಾಗುತ್ತಿದೆ.

ಒಂದು ದಿನವೂ ತಪ್ಪದ ಹಾಜರಿ

ದೇಶದ ಮೊದಲ ಕೊರೊನಾ ಸಾವು ದಾಖಲಾದದ್ದು ನಮ್ಮ ಕಲಬುರಗಿಯಲ್ಲೇ, 2020ರ ಮಾರ್ಚಿಯಲ್ಲಿ. ಅದರ ಬೆನ್ನಿಗೇ ಸಾಲಿಗಳು ಮುಚ್ಚಿದವು. ಪುಣೆ, ಮುಂಬಯಿಗೆ ದುಡಿಯಲು ಹೋಗಿದ್ದ ನಮ್ಮ ಮೂರೂ ತಾಲ್ಲೂಕುಗಳ ಜನ ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ವಾಪಸು ಬಂದರು. ನಾನಿದ್ದ ಸಾಲಿಯ ಆಡಳಿತ ಮಂಡಳಿಯವರು ನಮಗೆ ಹೇಳಿದ್ದು ಇಷ್ಟು: ವಾಟ್ಸಾಪಿನಲ್ಲಿ ಪಾಠ ಕಳಿಸಿರಿ, ದಿನಾಲು ಹಾಜರಿ ತುಂಬಿರಿ. ಹುಡುಗ ‘ಹಾಜರ್ ಸರ್’ ಎಂದು ಬರೆದು ಕಳಿಸಿದರೆ ಹಾಜರಿ ಆಯಿತು. ಹಾಜರಿ ಪಟ್ಟಿ ತೋರಿಸಿ ಫೀ ಕೇಳುವುದು ಅವರ ಉದ್ದೇಶವಾಗಿತ್ತು. ನಮ್ಮ ಪಗಾರ ಮಾತ್ರ ಮೂರನೇ ತಿಂಗಳಿಗೆ ನಿಂತಿತು.

ನಾಲ್ಕನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ತಂದೆ ಹಮಾಲಿ, ತಾಯಿ ಹೊಲದ ಕೂಲಿ. ಸಾಲಿ ನಡೆಯುತ್ತಿದ್ದಾಗ ಎರಡು ಅಂಕಿಯ ಭಾಗಾಕಾರವನ್ನು ಹಲಗೆಯ ಮೇಲೆ ಎಲ್ಲರಿಗಿಂತ ಮೊದಲು ಮಾಡಿ ತೋರಿಸುತ್ತಿದ್ದವಳು. ನನ್ನ ಪಟ್ಟಿಯಲ್ಲಿ ಅವಳು ಒಂದು ದಿನವೂ ಗೈರುಹಾಜರಿಲ್ಲ. ದಿನಾಲು ಬೆಳಿಗ್ಗೆ ಒಂಬತ್ತಕ್ಕೆ ‘ಹಾಜರ್ ಸರ್’. ಆ ವರ್ಷ ಡಿಸೆಂಬರದಲ್ಲಿ ಬೇರೆ ಕೆಲಸಕ್ಕಾಗಿ ಅವರ ಊರಿಗೆ ಹೋದಾಗ ಮನೆಗೆ ಹೋದೆ. ಹುಡುಗಿ ತೊಗರಿ ಕೊಯ್ಯಲು ಹೊಲಕ್ಕೆ ಹೋಗಿದ್ದಳು. ಫೋನು ಅವಳ ಅಣ್ಣನ ಹತ್ತಿರ ಇತ್ತು. ಅವನು ತನ್ನ ಹಾಜರಿಯ ಜೊತೆಗೆ ತಂಗಿಯದನ್ನೂ ಕಳಿಸುತ್ತಿದ್ದ. ಸಂಜೆ ಅವಳು ಬಂದ ಮೇಲೆ ಒಂದು ಭಾಗಾಕಾರ ಕೊಟ್ಟೆ. ಬಹಳ ಹೊತ್ತು ಹಾಳೆ ನೋಡುತ್ತಾ ನಿಂತಳು. ಆಮೇಲೆ, ‘ಮರ್ತದ್ರಿ ಸರ್’ ಎಂದಳು.

ಆ ಹುಡುಗಿಯ ಅಣ್ಣನನ್ನು ನಾನು ಬೈಯಲಿಲ್ಲ. ಅವನು ಮಾಡಿದ ಸುಳ್ಳು ಸಣ್ಣದು. ಆ ಸುಳ್ಳನ್ನು ದಿನಾಲು ಅಚ್ಚುಕಟ್ಟಾಗಿ ಪಟ್ಟಿಗೆ ಏರಿಸಿದ ಗುಮಾಸ್ತ ನಾನು. ನನಗೆ ಅದು ಗೊತ್ತಾಗಬಹುದಿತ್ತು. ಕೇಳಲಿಲ್ಲ, ಏಕೆಂದರೆ ನನ್ನನ್ನು ಯಾರೂ ಕೇಳಲಿಲ್ಲ. ಪಟ್ಟಿ ತುಂಬಿದ್ದರೆ ಸಾಕಾಗಿತ್ತು. ಕರ್ನಾಟಕದಲ್ಲಿ 1ರಿಂದ 5ನೇ ತರಗತಿಯ ಮಕ್ಕಳಿಗೆ ಸಾಲಿಯ ಬಾಗಿಲು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಆ ದಿನ ಅವಳು ಬರಲಿಲ್ಲ. ಕುಟುಂಬ ಪುನಃ ಪುಣೆಗೆ ಹೋಗಿತ್ತು.

ಇದು ಒಬ್ಬಳ ಕಥೆಯಲ್ಲ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು ಕರ್ನಾಟಕವೂ ಸೇರಿ ಐದು ರಾಜ್ಯಗಳ ಸರ್ಕಾರಿ ಸಾಲಿಗಳ ಹದಿನಾರು ಸಾವಿರ ಮಕ್ಕಳನ್ನು ಪರೀಕ್ಷಿಸಿ 2021ರ ಫೆಬ್ರವರಿಯಲ್ಲಿ ವರದಿ ಕೊಟ್ಟರು. 2ರಿಂದ 6ನೇ ತರಗತಿಯ ನೂರು ಮಕ್ಕಳಲ್ಲಿ 92 ಮಕ್ಕಳು ಹಿಂದಿನ ವರ್ಷ ಬರುತ್ತಿದ್ದ ಭಾಷೆಯ ಒಂದಾದರೂ ಸಾಮರ್ಥ್ಯವನ್ನು ಕಳೆದುಕೊಂಡಿದ್ದರು. ಗಣಿತದಲ್ಲಿ 82 ಮಕ್ಕಳು. ಹೊಸದನ್ನು ಕಲಿಯದೆ ಹೋದದ್ದು ಬೇರೆ. ಇದು ಇದ್ದದ್ದೂ ಹೋದ ಲೆಕ್ಕ.

ಸರ್ಕಾರಕ್ಕೆ ಇದು ಮೊದಲೇ ತಿಳಿಯದಿತ್ತೇ? 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲೇ ಇತ್ತು: ದೇಶದ ಹಳ್ಳಿಗಳಲ್ಲಿ ಕಂಪ್ಯೂಟರ್ ಇರುವ ಮನೆ ನೂರಕ್ಕೆ ನಾಲ್ಕು ಚಿಲ್ಲರೆ, ಇಂಟರ್‌ನೆಟ್ ಸೌಕರ್ಯವಿರುವ ಮನೆ ನೂರಕ್ಕೆ ಹದಿನೈದು. 2020ರ ಜೂನಿನಲ್ಲಿ ರಾಜ್ಯ ಸರ್ಕಾರ ಚಿಕ್ಕ ಮಕ್ಕಳಿಗೆ ಆನ್‌ಲೈನ್ ಪಾಠ ಬೇಡವೆಂದಿತು. ಜುಲೈ 8ರಂದು ಹೈಕೋರ್ಟು ಆ ಆಜ್ಞೆಗೆ ತಡೆ ಕೊಟ್ಟಿತು. ಅದೇ ತಿಂಗಳು ದೂರದರ್ಶನ ಚಂದನದಲ್ಲಿ ‘ಸಂವೇದ’ ಪಾಠಗಳು ಶುರುವಾದವು. ಆಗಸ್ಟಿನಲ್ಲಿ ‘ವಿದ್ಯಾಗಮ’ ಬಂತು. ಅದರಲ್ಲಿ ಮಕ್ಕಳನ್ನು ಮೂರು ಗುಂಪು ಮಾಡಿದರು: ಇಂಟರ್‌ನೆಟ್ ಇರುವ ಫೋನಿನವರು, ಬರೀ ಫೋನಿನವರು, ಫೋನೇ ಇಲ್ಲದವರು. ಜಾತಿಯ ಪಂಕ್ತಿ ಸಾಲದೆಂದು ಫೋನಿನ ಪಂಕ್ತಿಯೂ ಬಂತೇ ಎಂದು ಆಗ ನಾವು ನಕ್ಕೆವು. ಆದರೆ ನ್ಯಾಯವಾಗಿ ಹೇಳಬೇಕೆಂದರೆ ವಿದ್ಯಾಗಮದಲ್ಲಿ ಒಂದು ಸತ್ಯವಿತ್ತು. ಸರ್ಕಾರಿ ಸಾಲಿಯ ಮಾಸ್ತರರು ಗುಡಿಯ ಕಟ್ಟೆ, ಬೇವಿನ ಮರದ ಕೆಳಗೆ ಹೋಗಿ ಕುಳಿತು ಮಕ್ಕಳಿಗೆ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ನಿಲ್ಲುವವರೆಗೆ ಹಳ್ಳಿಯ ಬಡ ಮಕ್ಕಳಿಗೆ ಅಕ್ಷರ ಸಿಕ್ಕಿದ್ದು ಮರದ ಕೆಳಗೆ.

ನಮ್ಮ ಜಿಲ್ಲೆಗೆ ಹಿಂದೆಯೇ ಬಂದಿದ್ದ ಯಂತ್ರ

ಗೆಳೆಯರೇ, ಯಂತ್ರದಿಂದ ಪಾಠ ಹೇಳುವುದು ನಮ್ಮ ಜಿಲ್ಲೆಗೆ ಹೊಸದಲ್ಲ. ನಿಮ್ಮಲ್ಲಿ ಅರವತ್ತು ದಾಟಿದವರಿಗೆ ನೆನಪಿರಬಹುದು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಒಂದು ವರ್ಷ, ಉಪಗ್ರಹದ ಮೂಲಕ ಹಳ್ಳಿಗಳಿಗೆ ಟೆಲಿವಿಷನ್ ಪಾಠ ಕಳಿಸುವ ಪ್ರಯೋಗ ನಡೆಯಿತು. ‘ಸೈಟ್’ ಎಂದು ಅದರ ಹೆಸರು. ವಿಕ್ರಮ ಸಾರಾಭಾಯಿಯವರ ಕನಸು ಅದು. ನಡೆಯುವುದನ್ನು ನೋಡಲು ಅವರು ಇರಲಿಲ್ಲ. ಆರು ರಾಜ್ಯಗಳ 2,400 ಹಳ್ಳಿಗಳನ್ನು ಆರಿಸಿದರು. ಕರ್ನಾಟಕದಲ್ಲಿ ಆರಿಸಿದ್ದು ಮೂರೇ ಜಿಲ್ಲೆ: ಗುಲ್ಬರ್ಗಾ, ರಾಯಚೂರು, ಬಿಜಾಪುರ. ಬೆಂಗಳೂರಿನವರು ಟೆಲಿವಿಷನ್ ಕಾಣದ ಕಾಲದಲ್ಲಿ ನಮ್ಮ ಹಳ್ಳಿಯ ಸಾಲಿ, ಪಂಚಾಯಿತಿ ಕಟ್ಟೆಗಳ ಮೇಲೆ ಕೋಳಿಜಾಲರಿಯಿಂದ ಮಾಡಿದ ಹತ್ತು ಅಡಿಯ ತಟ್ಟೆ ಏರಿತು. ಬೆಳಿಗ್ಗೆ ಮಕ್ಕಳಿಗೆ ಇಪ್ಪತ್ತೆರಡು ನಿಮಿಷದ ಪಾಠ. ಸಂಜೆ ಬೇಸಾಯ, ಆರೋಗ್ಯದ ಕಾರ್ಯಕ್ರಮ, ಅದೂ ಕನ್ನಡದಲ್ಲಿ. ಸಾಲಿ ಮಾಸ್ತರರಿಗೂ ಅದರಿಂದ ವಿಜ್ಞಾನದ ತರಬೇತಿ ಆಯಿತು.

ಒಂದು ವರ್ಷದ ಮೇಲೆ ಏನಾಯಿತು? ಉಪಗ್ರಹ ಅಮೆರಿಕದ ನಾಸಾ ಸಂಸ್ಥೆಯದು. ಒಂದು ವರ್ಷಕ್ಕೆಂದು ಕಡ ಕೊಟ್ಟಿದ್ದರು. ವಾಯಿದೆ ಮುಗಿಯಿತು, ಉಪಗ್ರಹವನ್ನು ತಮ್ಮ ಕಡೆಗೆ ಸರಿಸಿಕೊಂಡರು. ಆ ಆಗಸ್ಟಿನಲ್ಲಿ ಬೆಳಿಗ್ಗೆ ಟೆಲಿವಿಷನ್ ಹಚ್ಚಿದರೆ ಪರದೆಯ ಮೇಲೆ ಏನೂ ಇರಲಿಲ್ಲ. 1977ರಲ್ಲಿ ಗುಲ್ಬರ್ಗಾದಲ್ಲೇ ನೆಲದ ಮೇಲಿನ ಪ್ರಸಾರ ಕೇಂದ್ರ ಬಂತು. ಬೆಂಗಳೂರಿಗೆ ಬಂದದ್ದು 1981ರಲ್ಲಿ. ಅಂದರೆ ಯಂತ್ರದ ಮಟ್ಟಿಗೆ ನಾವು ರಾಜ್ಯಕ್ಕೆಲ್ಲ ಮುಂದಿದ್ದೆವು. ಶಿಕ್ಷಣದ ಮಟ್ಟಿಗೆ ಅಂದಿನಿಂದ ಇಂದಿನವರೆಗೆ ಹಿಂದೆ ಇದ್ದೇವೆ. ಯಂತ್ರ ಮೊದಲು ಬಂದ ಕಡೆ ವಿದ್ಯೆ ಮೊದಲು ಬರುತ್ತದೆ ಎಂಬ ವಾದಕ್ಕೆ ನಮ್ಮ ಜಿಲ್ಲೆಗಿಂತ ದೊಡ್ಡ ಉತ್ತರ ಬೇಕಿಲ್ಲ. ಕಡ ತಂದ ಎತ್ತಿನಿಂದ ಒಂದು ಹಂಗಾಮು ಉಳಬಹುದು. ಅದನ್ನು ನಂಬಿ ಹೊಲವನ್ನು ಲಾವಣಿಗೆ ಹಿಡಿಯಬಾರದು.

ದೂರದ ಪಾಠ ಕೆಟ್ಟದ್ದೇ?

ಅಫಜಲಪುರದಲ್ಲಿ ಸಕ್ಕರೆ ಕಾರಖಾನೆಯ ಒಬ್ಬ ಮಿತ್ರ ಎದ್ದು ಕೇಳಿದರು: ಹಾಗಾದರೆ ನೀವು ಯಂತ್ರದ ವಿರೋಧಿಗಳೋ? ನನ್ನ ಮಗ ಐ.ಟಿ.ಐ. ಓದುತ್ತಾನೆ, ವೆಲ್ಡಿಂಗ್ ನಕ್ಷೆ ಓದುವುದನ್ನು ಫೋನಿನಲ್ಲೇ ಕಲಿತ. ಅದಕ್ಕೇನು ಹೇಳುತ್ತೀರಿ?

ಒಳ್ಳೆಯ ಪ್ರಶ್ನೆ. ನಾನು ಯಂತ್ರದ ವಿರೋಧಿಯಲ್ಲ. ದೂರದಿಂದ ಪಾಠ ಕಲಿಸುವ ವಿಚಾರ ದುಡಿಯುವವರಿಗಾಗಿಯೇ ಹುಟ್ಟಿದ್ದು. ಇಂಗ್ಲೆಂಡಿನಲ್ಲಿ ಲೇಬರ್ ಪಕ್ಷದ ಸರ್ಕಾರ 1969ರಲ್ಲಿ ಮುಕ್ತ ವಿಶ್ವವಿದ್ಯಾಲಯವನ್ನು ಸ್ಥಾಪಿಸಿತು. ಅದನ್ನು ಹಟ ಹಿಡಿದು ಕಟ್ಟಿದ ಮಂತ್ರಿ ಜೆನ್ನಿ ಲೀ, ಕಲ್ಲಿದ್ದಲು ಗಣಿ ಕಾರ್ಮಿಕನ ಮಗಳು. ಹಗಲು ದುಡಿದವರು ರಾತ್ರಿ ಓದಬೇಕು, ಹಳೆಯ ಅಂಕಪಟ್ಟಿ ಇಲ್ಲದಿದ್ದರೂ ಪ್ರವೇಶ ಸಿಗಬೇಕು ಎಂಬುದು ಅದರ ತತ್ವ. ಅಂಚೆಯಲ್ಲಿ ಪುಸ್ತಕ, ರೇಡಿಯೋ ಮತ್ತು ಟೆಲಿವಿಷನ್‌ನಲ್ಲಿ ಪಾಠ ಬರುತ್ತಿದ್ದವು. ಆದರೆ ಅಷ್ಟಕ್ಕೇ ಬಿಡಲಿಲ್ಲ. ಊರೂರಿಗೆ ಬೋಧಕರನ್ನು ನೇಮಿಸಿದರು, ವಿದ್ಯಾರ್ಥಿ ಬರೆದದ್ದನ್ನು ಓದಿ ತಿದ್ದಿ ವಾಪಸು ಕಳಿಸುವ ಏರ್ಪಾಡು ಮಾಡಿದರು.

ಇನ್ನೊಂದು ಉದಾಹರಣೆ ಆಸ್ಟ್ರೇಲಿಯದ್ದು. ಅಲ್ಲಿನ ಮರುಭೂಮಿಯಲ್ಲಿ ನೂರಾರು ಮೈಲಿಗೆ ಒಂದು ಮನೆ. ಅಂಥ ಮಕ್ಕಳಿಗಾಗಿ 1951ರಿಂದ ರೇಡಿಯೋದಲ್ಲಿ ಸಾಲಿ ನಡೆಸಿದರು. ಈ ರೇಡಿಯೋ ಸಾಲಿಯಲ್ಲಿ ಮಕ್ಕಳು ತಿರುಗಿ ಮಾತಾಡಬಹುದಾಗಿತ್ತು. ಮಾಸ್ತರಿಗೆ ಪ್ರತಿ ಮಗುವಿನ ಹೆಸರೂ ದನಿಯೂ ಗೊತ್ತು. ಅಂಥ ದೂರದ ವಸತಿಯಲ್ಲಿ ಬೆಳೆದು ರೇಡಿಯೋ ಸಾಲಿಯಲ್ಲಿ ಕಲಿತ ಮಾರ್ಟಿನ್ ಡೂಗಿಯಾಮಾಸ್ ಎಂಬುವರು ಮುಂದೆ ‘ಮೂಡಲ್’ ಎಂಬ ಕಲಿಕಾ ವ್ಯವಸ್ಥೆಯನ್ನು ಕಟ್ಟಿ 2002ರಲ್ಲಿ ಲೋಕಕ್ಕೆ ಬಿಟ್ಟರು. ಅದಕ್ಕೆ ಪರವಾನಗಿಯ ದುಡ್ಡಿಲ್ಲ. ಯಾವ ಸಾಲಿಯಾದರೂ ತೆಗೆದುಕೊಳ್ಳಬಹುದು, ತನಗೆ ಬೇಕಾದಂತೆ ತಿದ್ದಿಕೊಳ್ಳಬಹುದು. ನಮ್ಮ ದೇಶದ ‘ದೀಕ್ಷಾ’ ವೇದಿಕೆಯೂ 2017ರಲ್ಲಿ ಇಂಥ ಮುಕ್ತ ತಂತ್ರಾಂಶದ ಮೇಲೆಯೇ ನಿಂತದ್ದು.

ಐ.ಟಿ.ಐ. ಹುಡುಗನಿಗೆ ಓದಲು ಬರುತ್ತದೆ, ಏನು ಬೇಕೆಂಬುದು ಗೊತ್ತಿದೆ, ಸಂಶಯ ಬಂದರೆ ಮರುದಿನ ಕಾರ್ಯಾಗಾರದಲ್ಲಿ ಕೇಳಲು ಗುರು ಇದ್ದಾನೆ. ಅವನಿಗೆ ಫೋನು ಏಣಿ. ನಾಲ್ಕನೇ ತರಗತಿಯ ಹುಡುಗಿಗೆ ಇನ್ನೂ ನೆಲವೇ ಗಟ್ಟಿಯಾಗಿಲ್ಲ. ಅವಳು ತಪ್ಪಿದ್ದು ಎಲ್ಲಿ ಎಂದು ಹಾಳೆಯ ಮೇಲೆ ಬೆರಳಿಟ್ಟು ತೋರಿಸುವ ಮನುಷ್ಯ ಬೇಕು. 2024ರ ‘ಅಸರ್’ ಸಮೀಕ್ಷೆಯ ಪ್ರಕಾರ ಹಳ್ಳಿಗಳಲ್ಲಿ 14ರಿಂದ 16 ವರ್ಷದ ಮಕ್ಕಳ ಮನೆಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಕಡೆ ಈಗ ಸ್ಮಾರ್ಟ್‌ಫೋನ್ ಇದೆ. ಆದರೂ ಫೋನ್ ಬಳಸಬಲ್ಲ ಮಕ್ಕಳಲ್ಲಿ ಹಿಂದಿನ ವಾರ ಅದನ್ನು ಓದಿಗಾಗಿ ಬಳಸಿದವರು ನೂರಕ್ಕೆ 57. ಫೋನು ಬಂದರೆ ಸಮಸ್ಯೆ ತೀರುತ್ತದೆ ಎಂದವರಿಗೆ ಉತ್ತರ ಇಲ್ಲಿದೆ. ಫೋನು ಬಂತು. ಮಾಸ್ತರು ಬರಬೇಕಾಗಿದೆ.

ಕಿರ್ದಿಯನ್ನು ವ್ಯಾಪಾರಕ್ಕಿಟ್ಟವರು

ಇನ್ನು ಬಂಡವಾಳಗಾರರ ಮಾತು. ಬೆಂಗಳೂರಿನ ಬೈಜೂಸ್ ಕಂಪನಿಯ ಬೆಲೆ 2022ರಲ್ಲಿ 22 ಬಿಲಿಯನ್ ಡಾಲರ್ ಎಂದು ಲೆಕ್ಕ ಹಾಕಿದ್ದರು. 2024ರ ಜುಲೈಯಲ್ಲಿ ಅದೇ ಕಂಪನಿಯ ಮೇಲೆ ದಿವಾಳಿ ಪ್ರಕ್ರಿಯೆ ಶುರುವಾಯಿತು. ಒಂದು ಸರ್ಕಾರಿ ಸಾಲಿ ಹೀಗೆ ಎರಡು ವರ್ಷದಲ್ಲಿ ಮುಳುಗುವುದಿಲ್ಲ, ಏಕೆಂದರೆ ಅದು ಯಾರ ಲಾಭದ ಮೇಲೂ ನಿಂತಿಲ್ಲ.

ಜೇವರ್ಗಿಯ ಒಬ್ಬ ಕಿರಾಣಿ ವ್ಯಾಪಾರಿ ತಮ್ಮ ಅನುಭವ ಹೇಳಿದರು. ಪತ್ರಿಕೆಯಲ್ಲಿ ಹೆಸರು ಬರುವಂಥ ಕಂಪನಿಯಲ್ಲ, ಬೇರೊಂದು ಸಣ್ಣದು. ಮಗನಿಗೆ ಟ್ಯಾಬ್ ಮತ್ತು ಎರಡು ವರ್ಷದ ಪಾಠ ಎಂದು ಕಂತಿನ ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಪಾಠ ಆರು ತಿಂಗಳಿಗೆ ನಿಂತಿತು. ಕಂತು ನಿಲ್ಲಲಿಲ್ಲ, ಏಕೆಂದರೆ ಸಾಲ ಕೊಟ್ಟವರು ಬೇರೆ, ಪಾಠ ಕೊಟ್ಟವರು ಬೇರೆ. ಉದ್ರಿ ವ್ಯವಹಾರ ಬಲ್ಲ ವ್ಯಾಪಾರಿಯೇ ಮೋಸಹೋದ ಮೇಲೆ ಹಮಾಲಿಯ ಪಾಡೇನು? ಇಂಥ ಕಾಗದಕ್ಕೆ ಸಹಿ ಹಾಕುವ ಮೊದಲು ನಾಲ್ಕು ಜನರಿಗೆ ತೋರಿಸಿರಿ ಎಂದು ಕೈಮುಗಿದು ಕೇಳುತ್ತೇನೆ.

ಕಿರ್ದಿಯೂ ಸರಕೇ ಎಂಬುದನ್ನು ಮರೆಯಬಾರದು. ನಿಮ್ಮ ಮಗು ಯಾವ ಊರು, ಯಾವ ವಿಷಯದಲ್ಲಿ ದಡ್ಡ, ತಂದೆಯ ಫೋನ್ ನಂಬರ್ ಏನು, ಇದೆಲ್ಲ ಮಾರುವವರಿಗೆ ಬೆಲೆಬಾಳುವ ಸುದ್ದಿ. ಸರ್ಕಾರದ ಕಿರ್ದಿ ಭದ್ರವೆಂದು ಕಣ್ಣು ಮುಚ್ಚುವಂತೆಯೂ ಇಲ್ಲ. ದೀಕ್ಷಾ ವೇದಿಕೆಯ ಲಕ್ಷಾಂತರ ಶಿಕ್ಷಕರ ಮತ್ತು ವಿದ್ಯಾರ್ಥಿಗಳ ವಿವರಗಳು ಬೀಗವಿಲ್ಲದ ಕಡತದಲ್ಲಿ ಬಿದ್ದಿದ್ದವೆಂದು 2023ರ ಜನವರಿಯಲ್ಲಿ ವರದಿಯಾಯಿತು. ಅದೇ ವರ್ಷ ಸಂಸತ್ತು ಒಪ್ಪಿದ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ, ಹದಿನೆಂಟು ತುಂಬದ ಮಕ್ಕಳ ವಿವರ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕೆಂದು ಬರೆದಿದೆ. ಆ ಒಪ್ಪಿಗೆ ಹೆಬ್ಬೆಟ್ಟಿನ ಒಪ್ಪಿಗೆ ಆಗದಂತೆ ನೋಡಿಕೊಳ್ಳುವುದು ನಮ್ಮ ಕೆಲಸ.

ಪರೀಕ್ಷೆಗೆ ಕ್ಯಾಮೆರಾ ಬಂತು

ಈಗ ನಮ್ಮ ಇಂದಿನ ಸ್ಥಿತಿ ನೋಡಿರಿ. 2021ರಲ್ಲಿ ರಾಜ್ಯ ಸರ್ಕಾರ ತನ್ನ ಪದವಿ ಕಾಲೇಜು, ಪಾಲಿಟೆಕ್ನಿಕ್‌ಗಳಿಗೆ ಕರ್ನಾಟಕ ಎಲ್.ಎಂ.ಎಸ್. ತಂದಿತು. ಸುಮಾರು ಒಂದೂವರೆ ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ಹಂಚುವ ಯೋಜನೆಯೂ ಬಂತು. ಬೇಡ ಎನ್ನಲಾರೆ. ಆದರೆ ಆ ಕಾಲೇಜಿನ ಬಾಗಿಲಿಗೆ ಮುಟ್ಟುವ ಮೊದಲೇ ನಮ್ಮ ಅರ್ಧದಷ್ಟು ಮಕ್ಕಳು 2025ರ ಮೊದಲ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಬಿದ್ದರು. 2024ರಿಂದ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ದೂರದಿಂದ ಕುಳಿತು ನೋಡುವ ವೆಬ್‌ಕಾಸ್ಟಿಂಗ್ ಬಂತು. 2025ರ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ 91.12ರೊಂದಿಗೆ ಮೊದಲು ಬಂತು. ಕಲಬುರಗಿ 42.43ರೊಂದಿಗೆ ಕಟ್ಟಕಡೆಯದಾಯಿತು.

ಕ್ಯಾಮೆರಾ ಬೇಡವೆಂದು ನಾನು ಹೇಳುವುದಿಲ್ಲ. ನಕಲು ಬಡ ಮಕ್ಕಳಿಗೆ ಮಾಡುವ ಮೋಸ. ಸುಳ್ಳು ಹಾಜರಿಯಂತೆ ಅದೂ ಸುಳ್ಳು ಕಿರ್ದಿ. ಕ್ಯಾಮೆರಾ ಆ ಸುಳ್ಳನ್ನು ಹೊರಗೆಳೆಯಿತು, ಒಳ್ಳೆಯದಾಯಿತು. ಆದರೆ ಪರೀಕ್ಷೆಯ ಮೂರು ತಾಸು ಮಗುವನ್ನು ಕಾಯಲು ಪ್ರತಿ ಕೊಠಡಿಗೆ ಒಂದು ಕಣ್ಣು ಒದಗಿಸಬಲ್ಲ ಸರ್ಕಾರ, ಹತ್ತು ವರ್ಷ ಅದಕ್ಕೆ ಪಾಠ ಹೇಳಲು ಪ್ರತಿ ಕೊಠಡಿಗೆ ಒಬ್ಬ ಮಾಸ್ತರನನ್ನು ಏಕೆ ಒದಗಿಸಬಾರದು? 2024-25ರ ಕೇಂದ್ರ ಸರ್ಕಾರದ ಲೆಕ್ಕದಲ್ಲೇ ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಸಾಲಿಗಳಿಗೆ ಒಬ್ಬನೇ ಮಾಸ್ತರ. ನಮ್ಮ ಭಾಗದಲ್ಲಿ ಅತಿಥಿ ಶಿಕ್ಷಕರ ಮೇಲೆಯೇ ಸಾಲಿ ನಡೆಸುತ್ತಾರೆ. ವರ್ಷ ವರ್ಷ ಬದಲಾಗುವ ಅತಿಥಿಗೆ ಮಗುವಿನ ಹೆಸರು ತಿಳಿಯುವಷ್ಟರಲ್ಲಿ ವರ್ಷ ಮುಗಿದಿರುತ್ತದೆ. ಸಂವಿಧಾನದ 371(ಜೆ) ವಿಧಿ ಬಂದು ಹನ್ನೆರಡು ವರ್ಷ ದಾಟಿತು. ಹುದ್ದೆಯಲ್ಲಿ ಮೀಸಲು ಸಿಕ್ಕಿತು. ಹುದ್ದೆಯನ್ನೇ ತುಂಬದಿದ್ದರೆ ಮೀಸಲಿನಿಂದೇನು ಫಲ?

ನಾವು ಮಾಡಬೇಕಾದ್ದು

ಹಾಗಾದರೆ ನಮ್ಮ ಬೇಡಿಕೆಯೇನು?

ಒಂದು. ಮೊದಲು ಮಾಸ್ತರು, ಆಮೇಲೆ ಯಂತ್ರ. ಮೂರೂ ತಾಲ್ಲೂಕುಗಳ ಖಾಲಿ ಹುದ್ದೆಗಳನ್ನು ಕಾಯಂ ಶಿಕ್ಷಕರಿಂದ ತುಂಬಬೇಕು. ತುಂಬುವವರೆಗೆ ಅತಿಥಿ ಶಿಕ್ಷಕರಿಗೆ ತಿಂಗಳು ತಿಂಗಳು ಪಗಾರ ಕೊಡಬೇಕು.

ಎರಡು. ಯಂತ್ರವನ್ನು ಮನೆಮನೆಗೆ ಸಾಲದ ಮೇಲೆ ಕೊಡುವ ಬದಲು ಊರಿನ ನಡುವೆ ಇಡಬೇಕು. ಅದಕ್ಕೆ ಸ್ಥಳವೂ ಇದೆ. ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. ಈಗ ಅವನ್ನು ಅರಿವು ಕೇಂದ್ರ ಎನ್ನುತ್ತಾರೆ. 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಎಂದು ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟದ್ದೂ ಅಲ್ಲೇ. ಆ ಕೇಂದ್ರ ಸಂಜೆ ತೆರೆದಿರಬೇಕು, ಕರೆಂಟು ಇರಬೇಕು, ಮೇಲ್ವಿಚಾರಕನಿಗೆ ಹೊಟ್ಟೆ ತುಂಬುವ ಪಗಾರ ಇರಬೇಕು.

ಮೂರು. ಸಾರ್ವಜನಿಕರ ದುಡ್ಡಿನಿಂದ ತರುವ ಕಲಿಕಾ ವ್ಯವಸ್ಥೆ ಮುಕ್ತ ತಂತ್ರಾಂಶದ್ದಿರಬೇಕು, ಕನ್ನಡದಲ್ಲಿರಬೇಕು. ಕಂಪನಿ ಮುಚ್ಚಿದರೂ ಪಾಠ ಮುಚ್ಚಬಾರದು. 1976ರಲ್ಲಿ ಪರದೆ ಖಾಲಿಯಾದದ್ದು ಒಮ್ಮೆ ಸಾಕು.

ನಾಲ್ಕು. ಎಷ್ಟು ಮಕ್ಕಳು ಪಾಠ ತೆರೆದರು ಎಂಬ ಲೆಕ್ಕವನ್ನು ಸಾಧನೆಯೆಂದು ತೋರಿಸುವುದನ್ನು ನಿಲ್ಲಿಸಬೇಕು. ಐದನೇ ತರಗತಿಯ ಮಗು ಒಂದು ಪುಟ ಓದುತ್ತದೆಯೇ, ಭಾಗಾಕಾರ ಮಾಡುತ್ತದೆಯೇ ಎಂಬುದನ್ನು ಊರಿನ ಸಭೆಯಲ್ಲಿ, ತಂದೆತಾಯಿಗಳ ಎದುರು ನೋಡಬೇಕು.

ಸರ್ಕಾರವನ್ನು ಕೇಳಿದರೆ ಸಾಲದು. ನಾವೂ ಏನಾದರೂ ಮಾಡಬೇಕು. ಬೇಳೆ ಮಿಲ್ಲಿನ ಸಂಘದ ಕಚೇರಿ ಸಂಜೆ ಆರರ ಮೇಲೆ ಖಾಲಿ ಇರುತ್ತದೆ. ವ್ಯಾಪಾರಿ ಮಿತ್ರರು ಒಂದು ಕೋಣೆ, ಒಂದು ದೀಪ ಕೊಡಬಲ್ಲರು. ಇದೇ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ, 2009ರಲ್ಲಿ ಸ್ಥಾಪನೆಯಾದದ್ದು. ಅಲ್ಲಿ ಓದುವ ತರುಣರಲ್ಲಿ ಹತ್ತು ಜನರನ್ನು ವಾರಕ್ಕೆ ಎರಡು ದಿನ ಬಂದು ಕುಳಿತುಕೊಳ್ಳಿರಿ ಎಂದು ನಾವೇ ಹೋಗಿ ಕೇಳೋಣ. ಎಲ್ಲರ ಫೋನುಗಳಲ್ಲಿರುವ ಪಾಠಗಳನ್ನೇ ಬಳಸೋಣ. ಆದರೆ ಐದು ಮಕ್ಕಳಿಗೆ ಒಬ್ಬ ದೊಡ್ಡವರು ಪಕ್ಕದಲ್ಲಿ ಕುಳಿತಿರಬೇಕು. ಓದು ಬರೆಹ ಬಲ್ಲ ಪ್ರತಿಯೊಬ್ಬ ಕಾರ್ಮಿಕನೂ ವಾರಕ್ಕೆ ಒಂದು ಸಂಜೆ ಕೊಟ್ಟರೆ ಆಗದ ಕೆಲಸವಲ್ಲ.

ಗೆಳೆಯರೇ, ಆ ಹುಡುಗಿಗೆ ಈಗ ಹದಿನೈದು ವರ್ಷ ಆಗಿರಬೇಕು. ಎಲ್ಲಿದ್ದಾಳೋ ನನಗೆ ತಿಳಿಯದು. ನನ್ನ ಹಳೆಯ ಪಟ್ಟಿಯಲ್ಲಿ ಅವಳು ಇಂದಿಗೂ ಪೂರ್ಣ ಹಾಜರಿಯ ವಿದ್ಯಾರ್ಥಿನಿ. ಆ ಪಟ್ಟಿಯನ್ನು ಹರಿದು ಹಾಕದೆ ಇಟ್ಟುಕೊಂಡಿದ್ದೇನೆ. ಮುಂದೆ ಯಾರಾದರೂ ನಮ್ಮ ಮಕ್ಕಳ ಹೆಸರಿನಲ್ಲಿ ತುಂಬಿದ ಕಿರ್ದಿ ತಂದು ತೋರಿಸಿದಾಗ, ಪುಸ್ತಕ ಮುಚ್ಚಿಡಿರಿ, ಮಗುವನ್ನು ಕರೆಯಿರಿ ಎಂದು ಹೇಳಲು ನಾವು ಕಲಿತರೆ, ಈ ಸಭೆ ಸಾರ್ಥಕ. ಸಂಜೆಯ ತರಗತಿಗೆ ಹೆಸರು ಕೊಡುವವರು ಸಭೆ ಮುಗಿದ ಮೇಲೆ ಬಾಗಿಲ ಬಳಿಯ ಮೇಜಿನ ಹತ್ತಿರ ನಿಲ್ಲಬೇಕೆಂದು ಕೋರುತ್ತೇನೆ.